ಹಾಸಿಗೆ ಹಿಡಿದವರ ಸೇವೆಗೆ ಹೊರಟವರಿಗೆ ಕೆಲವು ಮಾತು

ನಮ್ಮ ಕಡೆ ರೋಗಿಗಳ ಸೇವೆಗೆ ಒಂದು ರೂಢಿ ಬಿದ್ದುಹೋಗಿದೆ. ನಾಯಕರ ಹುಟ್ಟುಹಬ್ಬ ಬಂತೆಂದರೆ ತಾಲ್ಲೂಕು ಆಸ್ಪತ್ರೆಗೆ ಹೋಗಿ ಹಣ್ಣು, ಬ್ರೆಡ್ ಹಂಚುವುದು, ಮಂಚದ ಪಕ್ಕ ಸಾಲಾಗಿ ನಿಂತು ಫೋಟೊ ತೆಗೆಸಿಕೊಳ್ಳುವುದು. ಕೊಡುವವರ ಮನಸ್ಸು ಒಳ್ಳೆಯದೇ. ಆದರೆ ಗುಟ್ಕಾ ತಿಂದು ಬಾಯಿ ಕ್ಯಾನ್ಸರ್ ಬಂದು, ಬಾಯಿ ಎರಡು ಬೆರಳಿನಷ್ಟೂ ತೆರೆಯಲಾಗದವನ ಕೈಗೆ ಸೇಬು ಕೊಟ್ಟರೆ ಅವನು ಅದನ್ನು ಏನು ಮಾಡಬೇಕು? ಗುಣವಾಗದ ಕಾಯಿಲೆಯವರಿಗೆ ನೆರವಾಗಬೇಕೆಂಬ ಹಂಬಲ ಹಾನಗಲ್, ಶಿಗ್ಗಾವಿ, ಸವಣೂರು, ಹಿರೇಕೆರೂರು ತಾಲ್ಲೂಕುಗಳ ಯುವಕರಲ್ಲಿ, ಮಹಿಳಾ ಸಂಘಗಳಲ್ಲಿ ಬೇಕಾದಷ್ಟಿದೆ. ದಾರಿ ಗೊತ್ತಿಲ್ಲ, ಅಷ್ಟೆ.

ಹಿನ್ನೆಲೆ ಚುಟುಕಾಗಿ ಹೇಳುತ್ತೇನೆ. ಸಾವಿನಂಚಿನ ರೋಗಿಗಳ ಆರೈಕೆಗೆಂದೇ ಮೀಸಲಾದ ಹಾಸ್ಪೈಸ್ ಇಂದಿನ ರೂಪ ಪಡೆದದ್ದು 1967ರಲ್ಲಿ, ಲಂಡನ್ನಿನಲ್ಲಿ. ಭಾರತದ ಮೊದಲನೆಯದು 1986ರಲ್ಲಿ ಮುಂಬೈಯಲ್ಲಿ ಶುರುವಾದ ಶಾಂತಿ ಆವೇದನಾ ಸದನ. ಬೆಂಗಳೂರು ಹಾಸ್ಪೈಸ್ ಟ್ರಸ್ಟ್ 1994ರಲ್ಲಿ ಹುಟ್ಟಿತು; ಅದರ ಕರುಣಾಶ್ರಯ 1999ರಿಂದ ಕ್ಯಾನ್ಸರ್ ರೋಗಿಗಳನ್ನು ಉಚಿತವಾಗಿ ನೋಡಿಕೊಳ್ಳುತ್ತಿದೆ. ಆದರೆ ಹುಬ್ಬಳ್ಳಿ ನವನಗರದ ಕ್ಯಾನ್ಸರ್ ಆಸ್ಪತ್ರೆಯಲ್ಲೋ ದಾವಣಗೆರೆಯಲ್ಲೋ "ಇನ್ನ ಮನಿಗೆ ಕರಕೊಂಡು ಹೋಗ್ರಿ" ಅನ್ನಿಸಿಕೊಂಡು ಬಂದ ಕುಟುಂಬ ಬೆಂಗಳೂರಿಗೆ ಹೋಗುವುದಿಲ್ಲ, ಊರಿಗೇ ಮರಳುತ್ತದೆ. ಇಲ್ಲಿ ಮನೆಯ ಪಡಸಾಲೆಯೇ ಹಾಸ್ಪೈಸ್. ಆದ್ದರಿಂದ ನಮಗೆ ಮಾದರಿ ಕೇರಳದ ಮಲಪ್ಪುರಂ ಸುತ್ತ 1999ರಲ್ಲಿ ಆರಂಭವಾದ ನೆರೆಹೊರೆಯವರ ಜಾಲ. ವಾರಕ್ಕೆ ಕನಿಷ್ಠ 2 ಗಂಟೆ ಕೊಡುವವರನ್ನು ಸೇರಿಸಿ, ತರಬೇತಿ ಕೊಟ್ಟು, ನರ್ಸ್ ಜತೆ ಮನೆಗಳಿಗೆ ಕಳಿಸುವ ಪದ್ಧತಿ ಅದು.

ಯಾರನ್ನು ಕಾಣಬೇಕು

ನೇರವಾಗಿ ರೋಗಿಯ ಮನೆ ಬಾಗಿಲು ತಟ್ಟಬೇಡಿ. ಮೊದಲು ನಿಮ್ಮೂರಿನ ಆಶಾ ಕಾರ್ಯಕರ್ತೆಯನ್ನು ಕಾಣಿ. ಯಾವ ಮನೆಯಲ್ಲಿ ಯಾರು ಹಾಸಿಗೆ ಹಿಡಿದಿದ್ದಾರೆ ಎಂಬುದು ಅವರಿಗಿಂತ ಚೆನ್ನಾಗಿ ಯಾರಿಗೂ ಗೊತ್ತಿರುವುದಿಲ್ಲ. ಅವರ ಜತೆಗೇ ಹತ್ತಿರದ ಆಯುಷ್ಮಾನ್ ಆರೋಗ್ಯ ಮಂದಿರಕ್ಕೆ ಹೋಗಿ ಅಲ್ಲಿನ ಸಮುದಾಯ ಆರೋಗ್ಯ ಅಧಿಕಾರಿಗೆ ಹೆಸರು ಕೊಡಿ. ಉಪಶಾಮಕ ಆರೈಕೆ, ಅಂದರೆ ನೋವು ಸಂಕಟ ತಗ್ಗಿಸುವ ಆರೈಕೆ, ಈ ಕೇಂದ್ರಗಳು ಕೊಡಬೇಕಾದ ಸೇವೆಗಳ ಪಟ್ಟಿಯಲ್ಲಿಯೇ ಇದೆ. ಯಾವುದಾದರೂ ಸೇವಾ ಸಂಸ್ಥೆ ಸೇರುವುದಾದರೆ ಎರಡು ಪ್ರಶ್ನೆ ಕೇಳಿ: ತರಬೇತಿ ಕೊಡುತ್ತೀರಾ? ನರ್ಸ್ ಇದ್ದಾರಾ? ಎರಡಕ್ಕೂ "ಇಲ್ಲ" ಅಂದರೆ ಅಲ್ಲಿಂದ ಎದ್ದು ಬನ್ನಿ.

ಸಮಯ ಹೊಂದಿಸುವಾಗ ಹೊಲದ ಕೆಲಸದ ಲೆಕ್ಕ ಇಟ್ಟುಕೊಳ್ಳಿ. ಮುಂಗಾರು ಬಿತ್ತನೆಗೆ, ಗೋವಿನಜೋಳದ ರಾಶಿಗೆ ಮನೆಮಂದಿಯೆಲ್ಲ ಹೊಲಕ್ಕೆ ಹೋದಾಗ ರೋಗಿ ಒಬ್ಬಂಟಿ. ನಿಮ್ಮ ಅಗತ್ಯ ಆಗ ಹೆಚ್ಚು. ಆದರೆ ನಿಮಗೂ ಹೊಲವಿದ್ದರೆ ಆಗಲೇ ಬಿಡುವಿರುವುದಿಲ್ಲ. ಹೀಗಾಗಿ ಒಂದು ಮನೆಗೆ ಇಬ್ಬರಾದರೂ ಇರಲಿ, ಒಬ್ಬರು ರೈತರಲ್ಲದವರು. ಹೇಳಿದ ವಾರ ಹೇಳಿದ ಹೊತ್ತಿಗೆ ಹೋಗಲೇಬೇಕು. ಬರುತ್ತೇನೆಂದು ಹೇಳಿ ಬಾರದವರನ್ನು ಕಾಯುತ್ತ ಮಲಗಿರುವುದು ರೋಗಿಗೆ ನೋವಿಗಿಂತ ಕಷ್ಟ. ಮಹಿಳೆಯರಿಗೆ ಶಕ್ತಿ ಯೋಜನೆಯಲ್ಲಿ ಬಸ್ ಪ್ರಯಾಣ ಉಚಿತವಿರುವುದರಿಂದ ಪಕ್ಕದೂರಿಗೆ ಹೋಗಿಬರುವುದು ಈಗ ಭಾರವಲ್ಲ.

ಉಣಿಸುವ ಮುನ್ನ

ಎಲ್ಲಕ್ಕಿಂತ ಹೆಚ್ಚು ತಪ್ಪಾಗುವುದು ಇಲ್ಲಿಯೇ. ಉಣಿಸುವುದೆಂದರೆ ಪ್ರೀತಿ ಎಂದು ಬೆಳೆದವರು ನಾವು. "ಒಂದ್ ತುತ್ತು ಉಣ್ಣ ಯವ್ವಾ, ಶಕ್ತಿ ಬರ್ತೈತಿ" ಎನ್ನುತ್ತ ಅರೆನಿದ್ದೆಯಲ್ಲಿರುವ ಅಜ್ಜಿಯ ಬಾಯಿಗೆ ಗಂಜಿ ಸುರಿಯುತ್ತೇವೆ. ಅದು ಹೊಟ್ಟೆಗೆ ಹೋಗದೆ ಶ್ವಾಸನಾಳಕ್ಕೆ ಇಳಿಯುತ್ತದೆ. ಕೆಮ್ಮು, ಗಂಟಲಲ್ಲಿ ಗೊರಗೊರ, ಎರಡು ದಿನಕ್ಕೆ ಜ್ವರ, ನ್ಯುಮೋನಿಯಾ. ಕೆಮ್ಮಲೂ ಶಕ್ತಿ ಇಲ್ಲದವರಲ್ಲಿ ಸದ್ದೇ ಕೇಳದೆ ಇದೆಲ್ಲ ನಡೆದುಹೋಗುತ್ತದೆ.

ಹಾಗಾಗಿ ಮೊದಲು ಪೂರ್ತಿ ಎಚ್ಚರವಿದ್ದಾರೆಯೇ, ತಾವೇ ಕೇಳುತ್ತಿದ್ದಾರೆಯೇ ನೋಡಿ. ಬೆನ್ನಿಗೆ ದಿಂಬು ಕೊಟ್ಟು ನೆಟ್ಟಗೆ ಕೂರಿಸಿ. ಗದ್ದ ತುಸು ಎದೆಯತ್ತ ಬಾಗಿರಲಿ, ತಲೆ ಹಿಂದಕ್ಕೆ ವಾಲಬಾರದು. ಚಹಾದ ಚಮಚದಲ್ಲಿ ಅರ್ಧ. ಗಂಟಲು ಮೇಲೆದ್ದು ಇಳಿಯುವುದನ್ನು ಕಣ್ಣಾರೆ ಕಂಡ ಮೇಲೆ ಇನ್ನೊಂದು. ಮಾತಾಡಿಸಿ, ದನಿ ಒದ್ದೆಯಾದಂತೆ ಕೇಳಿದರೆ ನಿಲ್ಲಿಸಿಬಿಡಿ. ಮುಗಿದ ಮೇಲೆ ಅರ್ಧ ಗಂಟೆ ಮಲಗಿಸಬೇಡಿ. ಮೂಗಿನಲ್ಲಿ ನಳಿಕೆ ಇದ್ದರೆ ಅದರ ತಂಟೆಗೇ ಹೋಗಬೇಡಿ, ಅದು ನರ್ಸ್ ಕಲಿಸಿಕೊಟ್ಟ ಮನೆಯವರ ಕೆಲಸ. ಬಾಯಿ ಹುಣ್ಣಾದವರಿಗೆ ಖಾರ, ಹುಳಿ, ಬಿಸಿ ಮೂರೂ ಬೇಡ.

ಕೊನೆಯ ದಿನಗಳಲ್ಲಿ ಹಸಿವೂ ನೀರಡಿಕೆಯೂ ತಾವಾಗಿ ಅಡಗುತ್ತವೆ. ಉಣ್ಣದ್ದಕ್ಕೆ ಸಾವು ಬರುತ್ತಿಲ್ಲ. ಸಾವು ಹತ್ತಿರವಾಗಿರುವುದಕ್ಕೇ ಊಟ ಸೇರುತ್ತಿಲ್ಲ. ಇದನ್ನು ಮಗಳಿಗೆ, ಸೊಸೆಗೆ ಮೆಲ್ಲಗೆ ತಿಳಿಸಿ ಹೇಳಬೇಕು, ಇಲ್ಲದಿದ್ದರೆ "ನಾವು ಉಪವಾಸ ಕೆಡವಿದಿವಿ" ಎಂಬ ಕೊರಗು ಅವರನ್ನು ವರ್ಷಗಟ್ಟಲೆ ತಿನ್ನುತ್ತದೆ. ಅವರ ಕೈಗೂ ಕೆಲಸ ಕೊಡಿ: ಹತ್ತಿಯನ್ನು ನೀರಲ್ಲಿ ಅದ್ದಿ, ಹಿಂಡಿ, ತುಟಿ ನಾಲಗೆ ಒರೆಸುವುದು, ಒಣಗಿದ ತುಟಿಗೆ ವ್ಯಾಸಲೀನ್ ಹಚ್ಚುವುದು. ಕೊನೆ ಗಳಿಗೆಯ ಗಂಗಾಜಲ, ಪಾದೋದಕ, ಸವಣೂರಿನ ಮುಸ್ಲಿಂ ಮನೆಗಳಾದರೆ ಜಮ್‌ಜಮ್ ನೀರು, ಯಾವುದನ್ನೂ ಬೇಡವೆನ್ನಬೇಡಿ. ಬಾಯಿಗೆ ಸುರಿಯುವ ಬದಲು ಹತ್ತಿಯಿಂದ ತುಟಿಗೆ ತಾಗಿಸಲು ಹೇಳಿ. ಶಾಸ್ತ್ರವೂ ಆಗುತ್ತದೆ, ಉಸಿರೂ ಕಟ್ಟುವುದಿಲ್ಲ.

ಉಳಿದ ಹೊತ್ತು

ಎರಡು ಗಂಟೆಗೊಮ್ಮೆ ಮಗ್ಗಲು ಬದಲಿಸುವುದನ್ನು ನರ್ಸ್ ಮುಂದೆ ನಿಂತು ಕಲಿಯಿರಿ. ಹಿಮ್ಮಡಿ, ಸೊಂಟದ ಎರಡು ಬದಿ, ಬೆನ್ನ ಬುಡದ ಎಲುಬು ಕೆಂಪಾಗಿವೆಯೇ ನೋಡಿ. ಕೆಂಪಾದಲ್ಲಿ ಎಣ್ಣೆ ಹಚ್ಚಿ ತಿಕ್ಕಬೇಡಿ, ಚರ್ಮ ಕಿತ್ತುಬರುತ್ತದೆ.

ಅದಕ್ಕಿಂತ ದೊಡ್ಡ ಸೇವೆ ಇನ್ನೊಂದಿದೆ: ರೋಗಿಯ ಪಕ್ಕ ನೀವು ಕುಳಿತು, ಹಗಲಿರುಳು ನೋಡಿಕೊಳ್ಳುವ ಹೆಣ್ಣುಮಗಳನ್ನು ಎರಡು ತಾಸು ಬಿಡಿಸುವುದು. ರೇಷನ್‌ಗೆ ಹೆಬ್ಬೆರಳು ಒತ್ತಲು, ಗೃಹಲಕ್ಷ್ಮಿ ಹಣ ಬಂತೇ ಎಂದು ಬ್ಯಾಂಕಿನಲ್ಲಿ ನೋಡಲು, ತಲೆಗೆ ನೀರು ಹಾಕಿಕೊಳ್ಳಲು, ಏನಿಲ್ಲದಿದ್ದರೆ ಒಳಗೆ ಹೋಗಿ ಮಲಗಲು. ಅವರನ್ನು ಕೇಳದೆ ಯಾವ ಸೇವೆಯೂ ಪೂರ್ತಿಯಾಗುವುದಿಲ್ಲ ಎಂಬುದು ನನ್ನ ಗಟ್ಟಿ ಅಭಿಪ್ರಾಯ.

ರೋಗಿಗೆ "ಆರಾಮ ಆಗ್ತೀರಿ ಬಿಡ್ರಿ" ಎನ್ನಬೇಡಿ, "ಇವತ್ತ ಹ್ಯಾಂಗ ಅನಸ್ತೈತ್ರಿ?" ಎಂದು ಕೇಳಿ, ಸುಮ್ಮನೆ ಕೂಡಿ. ಕಾಯಿಲೆಯ ಹೆಸರು ನಿಮ್ಮ ಬಾಯಿಂದ ಹೊರಡುವುದು ಬೇಡ. ಆ ಮನೆಯ ಸುದ್ದಿ ಕಟ್ಟೆಗೂ ವಾಟ್ಸ್ಆ್ಯಪ್ ಸ್ಟೇಟಸ್‌ಗೂ ಹೋಗಬಾರದು. ಫೋಟೊ ಬೇಡವೇ ಬೇಡ.

ಮಾತ್ರೆ, ಫೋನು

ಮಾರ್ಫಿನ್ ಮಾತ್ರೆ ಮಾನ್ಯತೆ ಪಡೆದ ಆಸ್ಪತ್ರೆಗಳಲ್ಲಿ ಮಾತ್ರ ಸಿಗುತ್ತದೆ. ಅದರ ನಿಯಮಗಳು ಸರಳವಾದದ್ದು 2014ರ ಕಾನೂನು ತಿದ್ದುಪಡಿಯಿಂದ. ನೋವು ಬಂದಾಗಷ್ಟೇ ಕೊಟ್ಟರಾಯಿತೆಂದು ಮನೆಯವರು ತಪ್ಪಿಸುತ್ತಿದ್ದರೆ ನರ್ಸ್‌ಗೆ ತಿಳಿಸಿ. ವೈದ್ಯರು ಬರೆದ ಹೊತ್ತಿಗೇ ಕೊಡಬೇಕು. ನೀವಾಗಿ ಪ್ರಮಾಣ ಬದಲಿಸಬೇಡಿ. ಮಾತ್ರೆ ಮಕ್ಕಳ ಕೈಗೆ ಸಿಗದ ಕಡೆ, ಬೀಗದೊಳಗೆ ಇರಲಿ.

ತುರ್ತಿಗೆ 108. ನಿಮ್ಮ ಮನಸ್ಸೇ ಕುಗ್ಗಿದರೆ ಟೆಲಿ ಮಾನಸ್ 14416, ಕನ್ನಡದಲ್ಲೇ ಮಾತಾಡಬಹುದು. ರೋಗಿ ತೀರಿಕೊಂಡ ಮೇಲೆ ಒಮ್ಮೆಯಾದರೂ ಆ ಮನೆಗೆ ಹೋಗಿಬನ್ನಿ. ಉಳಿದ ಮಾರ್ಫಿನ್ ಮಾತ್ರೆಗಳನ್ನು ಎಣಿಸಿ ಕೊಟ್ಟ ಆಸ್ಪತ್ರೆಗೇ ಮರಳಿಸಲು ಹೇಳಿ. ಏರ್ ಬೆಡ್, ಗಾಲಿಕುರ್ಚಿ ಎರವಲು ತಂದವಾಗಿದ್ದರೆ ತೊಳೆದು ಒಣಗಿಸಿ ಹಿಂದಕ್ಕೆ ಕೊಡಿಸಿ. ಮುಂದಿನ ಮನೆಯವರು ಕಾಯುತ್ತಿರುತ್ತಾರೆ.