ಬೀಗ ಹಾಕಿದ ಮನೆಯ ಇಬ್ಬರು ಸಹೋದರಿಯರು

ಅಮೆರಿಕದ ಲೇಖಕಿಯಾದ ಶರ್ಲಿ ಜ್ಯಾಕ್ಸನ್ ಎಂಬಾಕೆಯು 1962ನೆಯ ಇಸವಿಯಲ್ಲಿ ಪ್ರಕಟಿಸಿದ ‘ವಿ ಹ್ಯಾವ್ ಆಲ್ವೇಸ್ ಲಿವ್ಡ್ ಇನ್ ದ ಕ್ಯಾಸಲ್’ ಎಂಬ ಕಾದಂಬರಿಯು ಗಾತ್ರದಲ್ಲಿ ಚಿಕ್ಕದು. ಕೇವಲ ಕುತೂಹಲಕ್ಕಾಗಿ ಓದುವವರು ಕೊಂದವರು ಯಾರೆಂದು ತಿಳಿದೊಡನೆ ಅದನ್ನು ಮುಚ್ಚಿಬಿಡುವರು. ನಾವಾದರೋ ಇಲ್ಲಿ ಬೇರೊಂದು ಪ್ರಶ್ನೆಯನ್ನು ವಿಚಾರಿಸೋಣ. ಈ ಮನೆಯ ಬಾಗಿಲಿಗೆ ಬೀಗ ಹಾಕಿದವರಾರು? ಕಥೆಯ ಗುಟ್ಟನ್ನು ಹೇಳದೆ ಇದನ್ನು ವಿಚಾರಿಸಲಾಗದಾದ್ದರಿಂದ ವಾಚಕರು ಕ್ಷಮಿಸಬೇಕು.

ಒಂದು ಹಳ್ಳಿಯ ಅಂಚಿನ ದೊಡ್ಡ ಮನೆಯಲ್ಲಿ ಬ್ಲ್ಯಾಕ್‌ವುಡ್ ಮನೆತನದವರು ಉಳಿದಿರುವುದು ಮೂವರೇ: ಇಪ್ಪತ್ತೆಂಟು ವರ್ಷದ ಕಾನ್‌ಸ್ಟನ್ಸ್, ಹದಿನೆಂಟರ ಮೆರಿಕ್ಯಾಟ್, ರೋಗಪೀಡಿತನಾದ ಚಿಕ್ಕಪ್ಪ ಜೂಲಿಯನ್. ಆರು ವರ್ಷಗಳ ಹಿಂದೆ ರಾತ್ರಿಯ ಊಟದಲ್ಲಿ ಸಕ್ಕರೆಯೊಂದಿಗೆ ಬೆರೆತಿದ್ದ ಆರ್ಸೆನಿಕ್ ಎಂಬ ಪಾಷಾಣದಿಂದ ತಂದೆತಾಯಿಗಳೂ ತಮ್ಮನೂ ಚಿಕ್ಕಮ್ಮನೂ ಸತ್ತರು. ಅಡಿಗೆ ಮಾಡಿದವಳೂ ಸಕ್ಕರೆಯ ಪಾತ್ರೆಯನ್ನು ತೊಳೆದಿಟ್ಟವಳೂ ಕಾನ್‌ಸ್ಟನ್ಸಳೇ ಆದದರಿಂದ ಆಕೆಯ ಮೇಲೆ ವಿಚಾರಣೆ ನಡೆದು, ಬಿಡುಗಡೆಯೂ ಆಯಿತು. ಅಂದಿನಿಂದ ಆಕೆ ತೋಟವನ್ನು ದಾಟಿ ಹೋದವಳಲ್ಲ. ವಾರಕ್ಕೆರಡು ದಿನ ಸಾಮಾನಿಗಾಗಿ ಊರಿಗೆ ಹೋಗತಕ್ಕವಳು ಮೆರಿಕ್ಯಾಟ್. ಹುಡುಗರು ಪದ ಕಟ್ಟಿ ಹಾಸ್ಯ ಮಾಡುತ್ತಿರಲು ತಲೆ ತಗ್ಗಿಸಿ ನಡೆಯತಕ್ಕವಳು.

ಇಷ್ಟನ್ನು ಓದಿದವರು ಬೀಗ ಹಾಕಿದ್ದು ಊರಿನ ದ್ವೇಷವೇ ಎಂದು ಹೇಳುವುದು ಸಹಜ. ಆದರೆ ಲೇಖಕಿಯು ಒಂದು ಚಿಕ್ಕ ಸಂಗತಿಯನ್ನು ಮೊದಲಲ್ಲಿಯೇ ಇಟ್ಟಿದ್ದಾಳೆ. ಹಿಂದೆ ಊರವರು ಆ ಹೊಲದ ಕಾಲುದಾರಿಯಲ್ಲಿ ನಡೆಯುತ್ತಿದ್ದರು. ತನ್ನ ಮನೆಯ ಮುಂದೆ ಬೇಕಾದವರೆಲ್ಲ ಹಾದುಹೋಗುವುದು ತಾಯಿಗೆ ಸರಿಬೀಳಲಿಲ್ಲವಾಗಿ ತಂದೆಯು ಬೇಲಿ ಹಾಕಿಸಿ ದಾರಿಯನ್ನು ಮುಚ್ಚಿಸಿದನು. ಪಾಷಾಣಕ್ಕಿಂತ ಬೇಲಿಯು ಹಿರಿದು! ಈ ಹೆಣ್ಣುಮಕ್ಕಳು ದುರಂತದ ಮೊದಲೂ ಜನರಿಂದ ದೂರವಾಗಿಯೇ ಬೆಳೆದವರು.

ಇನ್ನು ಕಥೆ ಹೇಳುವವಳ ವಿಷಯ. ಎಲ್ಲವನ್ನೂ ನಮಗೆ ತಿಳಿಸುವವಳು ಮೆರಿಕ್ಯಾಟಳೇ. ಬೆಳ್ಳಿಯ ನಾಣ್ಯಗಳನ್ನು ಹೂಳುವುದು, ಪುಸ್ತಕವನ್ನು ಮರಕ್ಕೆ ಮೊಳೆಯಿಂದ ಜಡಿಯುವುದು ಮೊದಲಾದ ತನ್ನ ಮಂತ್ರತಂತ್ರಗಳಿಂದ ಮನೆಯನ್ನು ಕಾಯುತ್ತೇನೆಂದು ಆಕೆ ನಂಬಿದ್ದಾಳೆ. ಅಕ್ಕನ ಮೇಲೆ ಆಕೆಗಿರುವ ಪ್ರೀತಿಯನ್ನು ನೋಡಿ ನಾವೂ ಆಕೆಯ ಪಕ್ಷವನ್ನೇ ಹಿಡಿಯುತ್ತೇವೆ. ಆಕೆಯು ಸುಳ್ಳಾಡುವುದಿಲ್ಲ, ಒಂದನ್ನು ಹೇಳದೆ ಬಿಡುತ್ತಾಳೆ, ಅಷ್ಟೇ. ಆ ರಾತ್ರಿ ಶಿಕ್ಷೆಯಾಗಿ ಊಟವಿಲ್ಲದೆ ಮಲಗಲು ಕಳುಹಿಸಲ್ಪಟ್ಟ ಹನ್ನೆರಡು ವರ್ಷದ ಹುಡುಗಿ ಆಕೆಯೇ. ಪಾಷಾಣ ಹಾಕಿದವಳೂ ಆಕೆಯೇ. ಅಕ್ಕನು ಸಕ್ಕರೆಯನ್ನು ಮುಟ್ಟುವವಳಲ್ಲವೆಂಬುದನ್ನೂ ಆಕೆ ಬಲ್ಲಳು.

ಕಾನ್‌ಸ್ಟನ್ಸಳಿಗೆ ಇದು ಮೊದಲಿನಿಂದಲೂ ತಿಳಿದಿತ್ತು. ತಂಗಿಯ ಅಪರಾಧವನ್ನು ತನ್ನ ಮೇಲೆ ಹೊತ್ತುಕೊಂಡು, ಬೇಥಾನ್ಯದ ಮಾರ್ಥಳಂತೆ ಅಡಿಗೆಮನೆಯಲ್ಲಿಯೇ ದಿನಗಳೆಯುತ್ತಾಳೆ. ಆ ಮನೆತನದ ಹೆಂಗಸರು ತಲೆಮಾರುಗಳಿಂದ ನೆಲಮಾಳಿಗೆಯಲ್ಲಿ ಕೂಡಿಸಿಟ್ಟ ಹಣ್ಣುಪಾಕದ ಜಾಡಿಗಳ ಸಾಲಿಗೆ ತನ್ನವನ್ನೂ ಸೇರಿಸುತ್ತಾಳೆ. ಈ ತ್ಯಾಗವನ್ನು ಅನೇಕರು ಹೊಗಳಿಯಾರು. ನಮಗಾದರೋ ಅದರಲ್ಲಿ ಸಂದೇಹವುಂಟು. ಆರು ವರ್ಷ ಆ ಮಾತು ಅವರಿಬ್ಬರ ನಡುವೆ ಒಮ್ಮೆಯೂ ಬರಲಿಲ್ಲ. ಆಡದೆ ಹೊತ್ತ ಅಪರಾಧವು ತಂಗಿಯನ್ನು ಬಿಡಿಸಲಿಲ್ಲ. ಅಕ್ಕನನ್ನು ಮಾತ್ರ ಕಟ್ಟಿಹಾಕಿತು.

ಹೊರಗೆ ಬರಬೇಕೆಂಬ ಆಶೆಯು ಕಾನ್‌ಸ್ಟನ್ಸಳಲ್ಲಿ ಚಿಗುರುತ್ತಿರುವಾಗ ಚಾರ್ಲ್ಸ್ ಎಂಬ ದಾಯಾದಿಯು ಬರುತ್ತಾನೆ. ಅವನು ಹಣದಾಶೆಯವನೆಂಬುದು ನಿಜ. ಆದರೂ ಅವನ ಉರಿಯುವ ಚುಂಗಾಣಿಯನ್ನು ಮೆರಿಕ್ಯಾಟ್ ಕಸದ ಬುಟ್ಟಿಗೆ ತಳ್ಳುವಾಗ ಸುಟ್ಟುಹೋಗುವುದು ಮನೆಯ ಮಾಳಿಗೆಯಷ್ಟೇ ಅಲ್ಲ, ಅಕ್ಕನಿಗಿದ್ದ ದಾರಿಯೂ ಹೌದು. ಬೆಂಕಿಯನ್ನು ಆರಿಸಿದ ದಳದ ನಾಯಕನೇ ಟೊಪ್ಪಿಗೆಯನ್ನು ತೆಗೆದಿಟ್ಟು ಕಿಟಕಿಗೆ ಮೊದಲ ಕಲ್ಲನ್ನು ಎಸೆಯುತ್ತಾನೆ. ಊರೆಲ್ಲ ಒಳನುಗ್ಗಿ ಸಾಮಾನುಗಳನ್ನು ಒಡೆಯುತ್ತದೆ. ಅದೇ ರಾತ್ರಿ ಚಿಕ್ಕಪ್ಪನು ಸಾಯುತ್ತಾನೆ. ಆಮೇಲೆ ನಾಚಿಕೊಂಡ ಊರವರು ಕತ್ತಲಾದ ಮೇಲೆ ಬಾಗಿಲಲ್ಲಿ ಊಟದ ಬುಟ್ಟಿಗಳನ್ನಿಟ್ಟು ಹೋಗುತ್ತಾರೆ. ಬಾಗಿಲನ್ನು ತಟ್ಟಿ ನಿಲ್ಲುವ ಧೈರ್ಯ ಅವರಿಗಿಲ್ಲ. ತೆರೆಯುವ ಮನಸ್ಸು ಒಳಗಿನವರಿಗಿಲ್ಲ.

ಹಲಗೆ ಜಡಿದ ಆ ಮನೆಯಲ್ಲಿ ತಾವು ಬಹು ಸುಖಿಗಳೆಂದು ಮೆರಿಕ್ಯಾಟ್ ಹೇಳುತ್ತಾಳೆ. ಎರಡನೆಯ ಸಾರಿ ಓದುವ ವಿದ್ಯಾರ್ಥಿನಿಯರು ಚಾರ್ಲ್ಸನು ಬಂದಂದಿನಿಂದ ಕಾನ್‌ಸ್ಟನ್ಸಳು ಆಡಿದ ಮಾತುಗಳನ್ನು ಮಾತ್ರ ಬೇರೆ ಹಾಳೆಯಲ್ಲಿ ಬರೆದುಕೊಂಡು, ತಂಗಿಯ ವಿವರಣೆಯಿಲ್ಲದೆ ಅವನ್ನು ಓದಿ ನೋಡತಕ್ಕದ್ದು.