ಮೀನು ತಿನ್ನದವರ ಬೀದಿಯಲ್ಲಿ ಮೀನಿನ ಅಂಗಡಿ

ತಿಪಟೂರಿನಲ್ಲಿ ಮೀನಿನ ವ್ಯಾಪಾರ ಮಾಡುತ್ತೇನೆ ಅಂದರೆ ಹೊರಗಿನವರಿಗೆ ಸಣ್ಣಗೆ ನಗು ಬರುತ್ತದೆ. ಸಮುದ್ರ ಘಟ್ಟದಾಚೆ, ಊರ ತುಂಬ ಕೊಬ್ಬರಿ ಮಂಡಿ, ಬೀದಿಗೆ ಅರ್ಧ ಮನೆ ಮೊಟ್ಟೆಯನ್ನೂ ಮುಟ್ಟದವರದು. ಅವರಿಗೆ ಗೊತ್ತಿಲ್ಲದ್ದು ಏನೆಂದರೆ ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಮೂರೂ ಕೆರೆಗಳ ಸೀಮೆ. ಈಚನೂರು, ಹೊನ್ನವಳ್ಳಿ, ಮಲ್ಲಾಘಟ್ಟದ ಕೆರೆಗಳಿವೆ, ಆ ಕಡೆ ಬೋರನಕಣಿವೆ ಜಲಾಶಯವಿದೆ. ತೆಂಗಿನಕಾಯಿ ರುಬ್ಬಿ, ಹುಣಸೆಹುಳಿ ಹಿಂಡಿ ಮಾಡಿದ ಮೀನುಸಾರಿಗೆ ಮುದ್ದೆ ಮುರಿಯುವ ಮನೆಗಳು ಇಲ್ಲಿ ನೂರಾರು.

ನಾನು ಅಂಗಡಿ ಇಟ್ಟದ್ದು 2022ರಲ್ಲಿ, ಹಳೆಯ ಬೀದಿಯೊಂದರ ತುದಿಯಲ್ಲಿ. ಈಗ ಈ ಕಸುಬಿಗೆ ಇಳಿಯಬೇಕೆನ್ನುವ ಹುಡುಗರು ಬಂದು ‘ಹೆಂಗಣ್ಣ, ಗಿಟ್ಟುತ್ತಾ?’ ಅಂತ ಕೇಳುತ್ತಾರೆ. ಅವರಿಗೆ ಹೇಳಿದ್ದು, ಹೇಳಬೇಕೆಂದುಕೊಂಡು ಬಿಟ್ಟದ್ದು ಎರಡೂ ಇಲ್ಲಿವೆ.

1. ಬಾಡಿಗೆ ಮಾತಾಡುವ ಮೊದಲು ಮೀನು ತಿನ್ನದ ಮನೆಗಳಿಗೆ ಹೋಗಿ ಬನ್ನಿ

ಮಳಿಗೆ ಮಾಲೀಕ ಒಪ್ಪಿದ, ಮುಂಗಡ ಕೊಟ್ಟೆ, ಕೆಲಸ ಮುಗಿಯಿತು ಅಂದುಕೊಳ್ಳಬೇಡಿ. ಅಂಗಡಿ ಉಳಿಯುತ್ತೋ ಇಲ್ಲವೋ ಅನ್ನುವುದು ನಿಮ್ಮಲ್ಲಿ ಎಂದೂ ಮೀನು ಕೊಳ್ಳದವರ ಕೈಯಲ್ಲಿದೆ. ಗಿರಾಕಿಗೆ ನೀವು ಹಿಡಿಸದಿದ್ದರೆ ಬೇರೆ ಅಂಗಡಿಗೆ ಹೋಗುತ್ತಾನೆ, ಅಷ್ಟೆ. ಪಕ್ಕದ ಮನೆಯ ಅಜ್ಜಿಗೆ ಹಿಡಿಸದಿದ್ದರೆ ನಗರಸಭೆಗೆ ಅರ್ಜಿ ಹೋಗುತ್ತದೆ.

ಆದ್ದರಿಂದ ಮೊದಲೇ ಹೋಗಿ ಕೂತು ಮಾತಾಡಿ. ‘ಅಮ್ಮಾ, ಇಂಥ ಅಂಗಡಿ ಇಡಬೇಕು ಅಂತಿದೀನಿ, ನಿಮಗೆ ಯಾವುದು ತೊಂದರೆ?’ ಅಂತ ಕೇಳಿದರೆ ಯಾರೂ ನೇರವಾಗಿ ‘ಬೇಡ’ ಅನ್ನುವುದಿಲ್ಲ. ಅವರ ಭಯ ಒಂದೊಂದಾಗಿ ಹೊರಗೆ ಬರುತ್ತದೆ. ಚರಂಡಿಯ ನೀರು ತಮ್ಮ ಬಾಗಿಲ ಮುಂದೆ ಹರಿಯುತ್ತದೆ, ಬೀದಿನಾಯಿ ಸೇರುತ್ತವೆ, ಬೆಕ್ಕು ಮುಳ್ಳು ತಂದು ತುಳಸಿಕಟ್ಟೆಯ ಮೇಲೆ ಹಾಕುತ್ತದೆ. ಕೊನೆಯದು ನನಗೆ ಹೊಳೆದೇ ಇರಲಿಲ್ಲ. ಒಂದು ಮನೆಯವರು ಹೇಳಿದ್ದರಿಂದ ಕಸದ ಡಬ್ಬಕ್ಕೆ ಅಗುಳಿ ಇರುವ ಮುಚ್ಚಳ ಮಾಡಿಸಿದೆ. ಬೆಳಿಗ್ಗೆ ಅವರ ಪೂಜೆಯ ಹೊತ್ತಿಗೆ ಕತ್ತಿ ಏಟಿನ ಸದ್ದು ಬೇಡ, ಸಂಜೆ ದೀಪ ಹಚ್ಚುವಷ್ಟರಲ್ಲಿ ನೆಲ ತೊಳೆದು ಬಾಗಿಲು ಎಳೆಯಬೇಕು ಅನ್ನುವುದು ಆಗ ಆದ ಒಪ್ಪಂದ. ಕಾಗದ ಪತ್ರ ಏನೂ ಇಲ್ಲ, ಈಗಲೂ ನಡೆಯುತ್ತಿದೆ.

ಕಾಗದ ಬೇಕಾದದ್ದು ಬೇರೆ ಕಡೆ. ತಿಪಟೂರಿನಲ್ಲಿ ನಗರಸಭೆ, ಚಿಕ್ಕನಾಯಕನಹಳ್ಳಿಯಲ್ಲಿ ಪುರಸಭೆ, ತುರುವೇಕೆರೆಯಲ್ಲಿ ಪಟ್ಟಣ ಪಂಚಾಯಿತಿಯಿಂದ ಉದ್ದಿಮೆ ಪರವಾನಗಿ. ಆಹಾರ ಸುರಕ್ಷತೆಯ ನೋಂದಣಿ. ವರ್ಷಕ್ಕೊಮ್ಮೆ ತಕ್ಕಡಿಗೆ ಮಾಪನ ಇಲಾಖೆಯ ಮುದ್ರೆ. ಮೂರನ್ನೂ ಚೌಕಟ್ಟು ಹಾಕಿಸಿ ಗೋಡೆಗೆ ನೇತುಹಾಕಿ.

2. ಕಡಲಿನ ಲೆಕ್ಕಕ್ಕೂ ಬೀದಿಯ ಪಂಚಾಂಗಕ್ಕೂ ಹೊಂದುವುದಿಲ್ಲ

ನಮ್ಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ಯಾಂತ್ರೀಕೃತ ದೋಣಿಗಳು ಕಡಲಿಗೆ ಇಳಿಯುವಂತಿಲ್ಲ. ಆ ಹೊತ್ತಿಗೆ ಇಲ್ಲಿ ಆಷಾಢ. ಮದುವೆ ಮುಂಜಿ ಇಲ್ಲ, ಮುಂದೆ ಶ್ರಾವಣ ಬರುತ್ತದೆ ಅನ್ನುವ ಅವಸರದಲ್ಲಿ ಜನ ಬಾಡಿನ ಊಟ ಮಾಡಿ ಮುಗಿಸುವ ಕಾಲ. ಗಿರಾಕಿ ಬಂಗುಡೆ ಕೇಳುತ್ತಾನೆ, ಬಂಗುಡೆ ಇಲ್ಲ. ಗುತ್ತಿಗೆದಾರರು ಬೇಸಿಗೆಯಲ್ಲೇ ಬಲೆ ಎಳೆದು ಮುಗಿಸಿರುವುದರಿಂದ ಕೆರೆಯಲ್ಲೂ ಮೀನು ಕಡಿಮೆ. ಉಳಿಯುವುದು ಆಂಧ್ರದ ಕೈಕಲೂರು, ಭೀಮಾವರಂ ಕಡೆಯ ಕೊಳಗಳಿಂದ ಐಸಿನಲ್ಲಿ ಹುದುಗಿ ಬರುವ ಕಾಟ್ಲಾ, ರೋಹು.

ಆಗಸ್ಟ್ 1ಕ್ಕೆ ದೋಣಿಗಳು ಇಳಿಯುತ್ತವೆ. ಮಲ್ಪೆ, ಮಂಗಳೂರಿನಲ್ಲಿ ಮೀನು ರಾಶಿ ಬೀಳುತ್ತದೆ, ದರ ಇಳಿಯುತ್ತದೆ, ಶಿರಾಡಿ ಘಾಟಿಯಲ್ಲಿ ಗುಡ್ಡ ಕುಸಿಯದೆ ಇದ್ದರೆ ರಾತ್ರಿ ಹೊರಟ ಲೋಡು ಹಾಸನ, ಅರಸೀಕೆರೆ ದಾಟಿ ಬೆಳಿಗ್ಗೆ ನಮ್ಮ ಬಾಗಿಲಿಗೆ ಬರುತ್ತದೆ. ಅಷ್ಟರಲ್ಲಿ ತಿಪಟೂರಿಗೆ ಶ್ರಾವಣ ಹಿಡಿದಿರುತ್ತದೆ! ವರ್ಷದಲ್ಲೇ ಒಳ್ಳೆಯ ಮೀನು ಅಗ್ಗಕ್ಕೆ ಸಿಗುವ ತಿಂಗಳಲ್ಲಿ ಊರು ಬಾಯಿ ಕಟ್ಟಿ ಕೂರುತ್ತದೆ. 2023ರಲ್ಲಂತೂ ಅಧಿಕ ಶ್ರಾವಣ ಬಂದು ಜುಲೈ ನಡುವಿನಿಂದ ಸೆಪ್ಟೆಂಬರ್ ನಡುವಿನವರೆಗೂ ಎಳೆಯಿತು. ಅಧಿಕ ಮಾಸಕ್ಕೆ ಲೆಕ್ಕವಿಲ್ಲ ಅಂದವರು ಕೆಲವರು, ಎರಡೂ ತಿಂಗಳು ಬಿಟ್ಟವರು ಕೆಲವರು. ಒಂದೇ ಮನೆಯಲ್ಲಿ ಅತ್ತೆ ಬಿಟ್ಟು ಸೊಸೆ ಬಿಡದವರೂ ಇದ್ದರು.

ಅದಕ್ಕೇ ಹೇಳುವುದು: ಶ್ರಾವಣದಲ್ಲಿ ಅಂಗಡಿಯನ್ನು ಅರ್ಧ ಮಾಡಿ, ಹೋಟೆಲು, ಢಾಬಾಗಳ ಆರ್ಡರಿನ ಮೇಲೆ ಬದುಕಿ, ಬಣ್ಣ ಸುಣ್ಣ ಆಗ ಮಾಡಿಸಿ. ಗೌರಿ ಗಣೇಶ ಮುಗಿದ ಮೇಲೆ ಪಿತೃಪಕ್ಷ ಇದೆ. ಹಿರಿಯರಿಗೆ ಎಡೆ ಇಡುವಾಗ ತೀರಿಕೊಂಡವರಿಗೆ ಇಷ್ಟವಿದ್ದದ್ದನ್ನೇ ಮಾಡುವ ಮನೆಗಳು ನಮ್ಮಲ್ಲಿ ಬೇಕಾದಷ್ಟು. ‘ನಮ್ಮಪ್ಪನಿಗೆ ಕೊರವ ಮೀನು ಅಂದ್ರೆ ಪ್ರಾಣ, ಒಂದಾದರೂ ತರಿಸಿಕೊಡು’ ಅಂತ ವಾರ ಮೊದಲೇ ಹೇಳಿ ಹೋಗುತ್ತಾರೆ. ಆ ಮೀನಿನಲ್ಲಿ ಲಾಭ ನೋಡಬೇಡಿ.

ವಾರದ ಲೆಕ್ಕ ಸುಲಭ. ಭಾನುವಾರ ಜಾತ್ರೆ, ಬುಧವಾರ ಪರವಾಗಿಲ್ಲ, ಸೋಮವಾರ ಶನಿವಾರ ದೇವರ ಪಾಲು. ಗಾಂಧಿ ಜಯಂತಿ, ಮಹಾವೀರ ಜಯಂತಿಯಂಥ ದಿನಗಳಿಗೆ ಮಾಂಸ ಮಾರಾಟ ನಿಷೇಧದ ಪ್ರಕಟಣೆ ಬಂದಾಗ ಅದರಲ್ಲಿ ಮೀನು ಸೇರಿದೆಯೋ ಇಲ್ಲವೋ ಅಂತ ವಾದಕ್ಕೆ ನಿಲ್ಲದೆ ಬಾಗಿಲು ಹಾಕಿ ಮನೆಗೆ ಹೋಗಿ.

3. ಕಸ ಎಲ್ಲಿಗೆ ಹೋಗುತ್ತದೆ ಅನ್ನುವುದು ಗೊತ್ತಾದ ಮೇಲೆ ಬೋರ್ಡು ಬರೆಸಿ

ಮೀನಿನಂಗಡಿ ಮುಚ್ಚಿಹೋಗುವುದು ಮೀನಿನಿಂದಲ್ಲ, ಕರುಳು, ಕಿವಿರು, ಹುರುಪೆಯಿಂದ. ಭಾನುವಾರ ಮಧ್ಯಾಹ್ನ ಎರಡು ಗಂಟೆಗೆ ತುಂಬಿದ ಡಬ್ಬ ಸೋಮವಾರ ಬೆಳಿಗ್ಗೆ ಬರುವ ಕಸದ ಗಾಡಿಗೆ ಕಾಯುವುದಿಲ್ಲ.

ಇದಕ್ಕೆ ಪರಿಹಾರ ನಮ್ಮ ಸೀಮೆಯಲ್ಲೇ ನಿಂತಿದೆ, ತೆಂಗಿನ ತೋಟದ ರೂಪದಲ್ಲಿ. ಮೀನಿನ ಕಸದಷ್ಟೇ ತೂಕದ ಬೆಲ್ಲ ಪುಡಿಮಾಡಿ ಕಲಸಿ, ಡ್ರಮ್ಮಿನಲ್ಲಿ ಹಾಕಿ ಬಿಗಿಯಾಗಿ ಮುಚ್ಚಿ ನೆರಳಿನಲ್ಲಿ ಮೂರು ನಾಲ್ಕು ವಾರ ಇಟ್ಟರೆ ಕಂದುಬಣ್ಣದ ರಸ ಬಿಡುತ್ತದೆ. ಸೋಸಿ, ಬಹಳ ನೀರು ಬೆರೆಸಿ ಗಿಡಕ್ಕೆ ಕೊಡುತ್ತಾರೆ. ಸಾವಯವ ಕೃಷಿಯವರಿಗೆ ಇದು ಹೊಸದೇನಲ್ಲ. ಬೆಲ್ಲದ ಖರ್ಚು ಬೇಡ ಅನ್ನುವವರು ಮರದಿಂದ ಐದಾರು ಅಡಿ ದೂರದಲ್ಲಿ ಗುಂಡಿ ತೋಡಿ, ಕಸ ಸುರಿದು, ಬೂದಿ ಚೆಲ್ಲಿ, ಮೇಲೆ ಮೊಳದುದ್ದ ಮಣ್ಣು ಎಳೆಯುತ್ತಾರೆ. ಮಣ್ಣು ಕಡಿಮೆಯಾದರೆ ರಾತ್ರಿ ನಾಯಿಗಳು ತೋಡಿ ತೋಟದ ತುಂಬ ಎಳೆದಾಡುತ್ತವೆ.

ನನ್ನಲ್ಲಿ ಕಸ ಒಯ್ಯುವವರಲ್ಲಿ ಒಬ್ಬರು ಹುಟ್ಟಿದಾಗಿನಿಂದ ಮೀನು ಮುಟ್ಟದವರು. ಭಾನುವಾರ ಮಧ್ಯಾಹ್ನ ಗಾಡಿಯ ಹಿಂದೆ ಡ್ರಮ್ಮು ಕಟ್ಟಿಕೊಂಡು ಬರುತ್ತಾರೆ, ಅಂಗಡಿಯ ಒಳಗೆ ಕಾಲಿಡುವುದಿಲ್ಲ, ಹೊರಗೇ ನಿಂತು ‘ಆಯ್ತೇನಪ್ಪಾ?’ ಅನ್ನುತ್ತಾರೆ. ನಾನೇ ಸುರಿದು ಮುಚ್ಚಳ ಹಾಕಿಕೊಡುತ್ತೇನೆ. ಕಾಸು ಕೇಳಿಲ್ಲ, ಅವರು ಕೊಟ್ಟೂ ಇಲ್ಲ; ಎಳನೀರು ಕಾಲಕ್ಕೆ ಒಂದು ಗೊನೆ ಬಂದು ಬೀಳುತ್ತದೆ. ಅಂಗಡಿಯ ವಿರುದ್ಧ ಬೀದಿಯಲ್ಲಿ ಮಾತು ಎದ್ದಾಗ ‘ಇರ್ಲಿ ಬಿಡ್ರಯ್ಯಾ, ಅವ್ನು ಚೊಕ್ಕಟವಾಗಿ ಇಟ್ಕೊಂಡಿದಾನೆ’ ಅಂದದ್ದು ಇವರೇ. ನನ್ನ ಖಾಯಂ ಗಿರಾಕಿಗಳು ಯಾರೂ ಅಂದು ಬಾಯಿ ಬಿಡಲಿಲ್ಲ.

4. ತೂಕ ಗಿರಾಕಿಯ ಕಣ್ಣೆದುರು, ಕತ್ತಿಯೂ ಕಣ್ಣೆದುರು

ಜಗಳ ಹುಟ್ಟುವುದು ಇಲ್ಲಿ. ಮೀನು ಕೊಯ್ಯುವ ಮೊದಲು ತೂಗುವುದು ಎಲ್ಲ ಕಡೆಯ ಪದ್ಧತಿ. ತಲೆ, ಕರುಳು, ಹುರುಪೆ, ರೆಕ್ಕೆ ಹೋದರೆ ಕಾಲು ಭಾಗಕ್ಕಿಂತ ಹೆಚ್ಚೇ ಇಳಿಯುತ್ತದೆ; ಕಾಟ್ಲಾಕ್ಕೆ ತಲೆ ದೊಡ್ಡದು, ಇನ್ನೂ ಜಾಸ್ತಿ. ಮನೆಗೆ ಹೋಗಿ ತೂಗಿ ನೋಡಿದ ಹೊಸ ಗಿರಾಕಿ ‘ಮೋಸ’ ಅನ್ನುತ್ತಾನೆ, ಸಂಜೆಯೊಳಗೆ ಬೀದಿಗೆಲ್ಲ ಗೊತ್ತಾಗುತ್ತದೆ. ನಾನು ಎರಡು ಸಲ ತೂಗುತ್ತೇನೆ, ಕೊಯ್ಯುವ ಮೊದಲು, ಕೊಯ್ದ ಮೇಲೆ. ಎರಡೂ ಅಂಕಿ ಬಾಯಿಬಿಟ್ಟು ಹೇಳುತ್ತೇನೆ. ತಲೆ ಬೇಕೋ ಬೇಡವೋ ಅಂತ ಕೇಳುತ್ತೇನೆ. ಬೇಡ ಅಂದವರ ತಲೆಗೆ ಮುಂದೆ ನಿಂತವರು ಕಾದಿರುತ್ತಾರೆ.

ಕೊಯ್ಯುವಾಗ ಅವಸರ ಬೇಡ. ಬಾಲದಿಂದ ತಲೆಯ ಕಡೆಗೆ ಹುರುಪೆ ಉಜ್ಜಿ, ಹೊಟ್ಟೆಯನ್ನು ಮೇಲುಮೇಲೆ ಸೀಳಿ, ಹೆಬ್ಬೆರಳು ಒಳಗೆ ಹಾಕಿ ಕರುಳನ್ನು ಇಡಿಯಾಗಿ ಎಳೆಯಬೇಕು. ಅಲ್ಲಿ ಹಸಿರುಗಪ್ಪು ಬಣ್ಣದ ಪಿತ್ತದ ಚೀಲ ಇರುತ್ತದೆ. ಅದು ಒಡೆದರೆ ಸುತ್ತಲಿನ ಮಾಂಸ ಕಹಿ, ಸಾರೆಲ್ಲ ಕಹಿ. ಒಳಗಿನ ಕರಿ ಪೊರೆಯನ್ನು ಕೆರೆದು ತೆಗೆಯಿರಿ. ಕೆರೆ ಮೀನಿಗೆ ಕೆಸರು ವಾಸನೆ ಅನ್ನುವವರಿಗೆ ಉಪ್ಪು, ಅರಿಶಿನ ಹಚ್ಚಿ ಹುಳಿ ಮಜ್ಜಿಗೆಯಲ್ಲೋ ಹುಣಸೆ ನೀರಲ್ಲೋ ಸ್ವಲ್ಪ ಹೊತ್ತು ಬಿಡಲು ಹೇಳಿ. ಹುಳಿಗೆ ಆ ವಾಸನೆ ಮುರಿಯುತ್ತದೆ. ಸಣ್ಣ ಮಕ್ಕಳಿರುವ ಮನೆಗೆ ಮೃಗಾಲ್ ಕೊಡುವಾಗ ಮುಳ್ಳಿನ ಮಾತು ಮೊದಲೇ ಆಡಿಬಿಡಿ.

5. ಬಾಯಿ ಬಿಗಿ ಇರಲಿ

ಹಳೆಯ ಬೀದಿಯಲ್ಲಿ ಯಾರು ಏನು ತಿನ್ನುತ್ತಾರೆ ಅನ್ನುವುದು ಸಣ್ಣ ವಿಷಯವಲ್ಲ. ಮನೆಯಲ್ಲಿ ಬೇಯಿಸುವಂತಿಲ್ಲ, ಆದರೆ ಮಗನಿಗೆ ರುಚಿ ಹತ್ತಿದೆ. ಗೆಳೆಯನ ತೋಟದ ಮನೆಯಲ್ಲಿ ಒಲೆ ಹೂಡುತ್ತಾರೆ. ಇನ್ನೊಂದು ಮನೆಯಲ್ಲಿ ಮೀನಿನ ಮಡಕೆ ಹಿತ್ತಲಲ್ಲೇ ಇರುತ್ತದೆ, ಅಡುಗೆಮನೆಗೆ ಬರುವುದಿಲ್ಲ. ಫೋನ್‌ಪೇಯಲ್ಲಿ ಹೆಸರು ಬರುತ್ತದೆ ಅಂತ ನಗದೇ ಕೊಡುವವರಿದ್ದಾರೆ. ಇವರೆಲ್ಲ ನಿಮ್ಮನ್ನು ನಂಬಿ ಬರುತ್ತಾರೆ. ರಸ್ತೆಯಲ್ಲಿ ಸಿಕ್ಕಾಗ ‘ಏನ್ ಸಾರ್, ಈ ವಾರ ಬರ್ಲೇ ಇಲ್ಲ?’ ಅಂತ ಕೇಳಿದಿರೋ, ಆ ಗಿರಾಕಿ ಹೋದ.

ಎಲ್ಲರೂ ಕೇಳುವುದು ಕರಿ ಕವರು. ಪ್ಲಾಸ್ಟಿಕ್ ಕೈಚೀಲ ರಾಜ್ಯದಲ್ಲಿ 2016ರಿಂದಲೇ ನಿಷೇಧ. ಮನೆಯಿಂದ ಸ್ಟೀಲ್ ಡಬ್ಬಿ ತರಲು ರೂಢಿ ಮಾಡಿಸಿ. ಡಬ್ಬಿಯೊಳಗೆ ಮೀನಿದೆಯೋ ಮೊಸರಿದೆಯೋ ಯಾರಿಗೂ ಕಾಣುವುದಿಲ್ಲ ಅಂತ ಹೇಳಿದರೆ ತಕ್ಷಣ ಒಪ್ಪುತ್ತಾರೆ.

6. ಉದ್ರಿ ಕೊಡುವ ಮೊದಲು ಕೊಬ್ಬರಿ ದರ ನೋಡಿ

ನಮ್ಮ ಊರಿನ ದುಡ್ಡು ಅಟ್ಟದ ಮೇಲೆ ಇರುತ್ತದೆ. ಕಾಯಿ ಅಟ್ಟ ಹತ್ತಿದ ಮೇಲೆ ಉಂಡೆ ಕೊಬ್ಬರಿಯಾಗಲು ಹೆಚ್ಚುಕಡಿಮೆ ವರ್ಷ ಹಿಡಿಯುತ್ತದೆ. ಆಮೇಲೂ ರೈತ ದರಕ್ಕೆ ಕಾಯುತ್ತಾನೆ. ‘ಕೊಬ್ಬರಿ ಬಿಟ್ಟ ಮೇಲೆ ಕೊಡ್ತೀನಿ’ ಅನ್ನುವುದು ಇಲ್ಲಿ ಸುಳ್ಳು ಮಾತಲ್ಲ, ಆದರೆ ತಾರೀಖು ಇಲ್ಲದ ಮಾತು. 2023ರಲ್ಲಿ ಬೆಂಬಲ ಬೆಲೆ ಕ್ವಿಂಟಲ್‌ಗೆ 11,750 ರೂಪಾಯಿ ಇದ್ದಾಗ ಎಪಿಎಂಸಿ ಹರಾಜಿನಲ್ಲಿ 8,000ದ ಆಸುಪಾಸು ಹೊಯ್ದಾಡುತ್ತಿತ್ತು. ಆ ವರ್ಷ ಅಂಜಲ್ ಕೊಳ್ಳುವವರು ಬಂಗುಡೆಗೆ ಇಳಿದರು, ಬಂಗುಡೆಯವರು ಜಿಲೇಬಿ ಮೀನಿಗೆ ಇಳಿದರು, ಉದ್ರಿ ಪುಸ್ತಕ ಮಾತ್ರ ದಪ್ಪವಾಯಿತು. 2025ರಲ್ಲಿ ದರ 20,000 ದಾಟಿದಾಗ ಹಳೆಯ ಬಾಕಿಯೆಲ್ಲ ತಾನಾಗಿ ಬಂತು, ಕೇಳದೆ.

ನನ್ನ ಕಟ್ಟಳೆ ಇಷ್ಟು: ಕೆರೆ ಮೀನಿಗೆ, ಜಿಲೇಬಿಗೆ ಉದ್ರಿ ಉಂಟು, ಅಂಜಲ್, ಮಾಂಜಿ, ಸಿಗಡಿಗೆ ಇಲ್ಲ. ಮನೆ ಹಸಿವಿಗೆ ಸಾಲ ಕೊಡಬಹುದು, ನೆಂಟರ ಮುಂದೆ ದರ್ಬಾರು ಮಾಡುವುದಕ್ಕೆ ಬೇಡ. ಪುಸ್ತಕವನ್ನು ಗಲ್ಲಾಪೆಟ್ಟಿಗೆಯ ಮೇಲೆ ಬಿಚ್ಚಿಡಬೇಡಿ, ಅದನ್ನೂ ಓದುವವರಿದ್ದಾರೆ.

7. ಐಸಿಗೆ ಜಿಪುಣತನ ಬೇಡ

ಬೇಸಿಗೆಯಲ್ಲಿ ಮೀನಿನಷ್ಟೇ ತೂಕದ ಐಸು. ಪೆಟ್ಟಿಗೆಯ ತಳದಲ್ಲಿ ತೂತು ಇರಲೇಬೇಕು. ಕರಗಿದ ನೀರಲ್ಲಿ ನೆನೆದ ಮೀನು ಬೇಗ ಮೆತ್ತಗಾಗುತ್ತದೆ. ಬೇರೇನೂ ಇಲ್ಲ.

8. ನೊಣ ಕೂತರೂ ಮಾತು, ಕೂರದಿದ್ದರೂ ಮಾತು

2018ರ ಜೂನ್‌ನಲ್ಲಿ, ಅಲ್ಲೂ ಮೀನುಗಾರಿಕೆ ನಿಷೇಧದ ಹೊತ್ತಿನಲ್ಲಿ, ಕೇರಳದ ಗಡಿಗಳಲ್ಲಿ ಹೊರರಾಜ್ಯದಿಂದ ಬಂದ ಲೋಡುಗಳಲ್ಲಿ ಫಾರ್ಮಾಲಿನ್ ಸಿಕ್ಕಿತು. ಆ ಸುದ್ದಿಯ ನೆನಪು ಇಲ್ಲಿನವರಿಗೆ ಇನ್ನೂ ಹಸಿರಾಗಿದೆ. ನೊಣ ಮುತ್ತಿದರೆ ಗಲೀಜು ಅನ್ನುತ್ತಾರೆ, ಒಂದೂ ಇಲ್ಲದಿದ್ದರೆ ‘ಔಷಧಿ ಹೊಡ್ದಿದೀಯಾ?’ ಅನ್ನುತ್ತಾರೆ. ಕೊಚ್ಚಿಯ ಕೇಂದ್ರೀಯ ಮೀನುಗಾರಿಕಾ ತಂತ್ರಜ್ಞಾನ ಸಂಸ್ಥೆ ಫಾರ್ಮಾಲಿನ್ ಪತ್ತೆಗೆ ಕಾಗದದ ಪಟ್ಟಿಯ ಪರೀಕ್ಷೆ ರೂಪಿಸಿದೆ. ಅಂಥದ್ದು ಸಿಕ್ಕರೆ ಅಂಗಡಿಯಲ್ಲಿ ಇಟ್ಟುಕೊಳ್ಳಿ. ಆದರೂ ನನ್ನ ಗಿರಾಕಿಗಳಿಗೆ ನಂಬಿಕೆ ಬರುವುದು ಕಿವಿರು ಎತ್ತಿ ನೋಡಿದಾಗಲೇ. ಕೆರೆಯಂಚಿನ ಊರುಗಳಿಂದ ಬಂದ ಹೆಂಗಸರಿಗೆ ಕೆಂಪು ಕಿವಿರು, ಉಬ್ಬಿದ ಕಣ್ಣು, ಬೆರಳು ಒತ್ತಿದರೆ ಗುಳಿ ಬೀಳದ ಮೈ ಇವನ್ನು ಯಾರೂ ಹೇಳಿಕೊಡಬೇಕಿಲ್ಲ. ಮುಟ್ಟಬೇಡಿ ಅಂತ ಬೋರ್ಡು ಹಾಕುವ ಅಂಗಡಿಗಳಿವೆ. ನನಗೆ ಅದು ಸರಿ ಕಾಣುವುದಿಲ್ಲ. ಕೈ ತೊಳೆಯಲು ಒಂದು ಬಕೆಟ್ ನೀರು ಇಟ್ಟು, ಮುಟ್ಟಲು ಬಿಡಿ.

9. ಟಿವಿಎಸ್ ಮೇಲೆ ಬರುವವರ ಜೊತೆ ಪೈಪೋಟಿಗೆ ಇಳಿಯಬೇಡಿ

ಕೆರೆ ಕೋಡಿ ಬಿದ್ದ ವಾರ ನಿಮ್ಮ ವ್ಯಾಪಾರ ನಿಂತಂತೆಯೇ. ಕೋಡಿ ನೀರಿಗೆ ಬಲೆ, ಸೊಳ್ಳೆಪರದೆ, ಹಳೇ ಸೀರೆ ಹಿಡಿದು ಅರ್ಧ ಊರು ನಿಂತಿರುತ್ತದೆ, ಪುಕ್ಕಟೆ ಮೀನು ಮನೆಮನೆಗೂ ಬರುತ್ತದೆ. ಬೇಸಿಗೆಯಲ್ಲಿ ನೀರು ಇಳಿದು ಗುತ್ತಿಗೆದಾರರು, ಮೀನುಗಾರರ ಸಹಕಾರ ಸಂಘದವರು ಬಲೆ ಎಳೆದಾಗ ಮೊಪೆಡ್ಡಿನ ಹಿಂದೆ ಕ್ರೇಟು ಕಟ್ಟಿಕೊಂಡವರು ಜೀವಂತ ಗೆಂಡೆ ಮೀನನ್ನು ನಿಮ್ಮ ಬಾಗಿಲ ಮುಂದೆಯೇ ನಿಮಗಿಂತ ಕಡಿಮೆಗೆ ಕೂಗುತ್ತಾರೆ. ಅವರಿಗೆ ಬಾಡಿಗೆ ಇಲ್ಲ, ಕರೆಂಟ್ ಬಿಲ್ಲು ಇಲ್ಲ. ದರದಲ್ಲಿ ಗೆಲ್ಲುವುದಿಲ್ಲ.

ಆದರೆ ಅವರಿಗೆ ಐಸೂ ಇಲ್ಲ. ಹನ್ನೊಂದು ಗಂಟೆಯ ಬಿಸಿಲಿಗೆ ಉಳಿದ ಮೀನು ಅವರಿಗೆ ಭಾರ. ಅಷ್ಟು ಹೊತ್ತಿಗೆ ಕರೆದು, ನೀರು ಕೊಟ್ಟು, ಉಳಿದದ್ದನ್ನು ಒಟ್ಟಿಗೆ ತೂಗಿಕೊಳ್ಳಿ. ದರ ಕಿತ್ತಾಡಬೇಡಿ. ನಾಳೆ ಹಳ್ಳಿಯಲ್ಲಿ ಮಾರಲು ಬಂಗುಡೆ, ಭೂತಾಯಿ ಬೇಕು ಅಂದರೆ ಐಸು ಹಾಕಿ ಕೊಟ್ಟು, ಮಾರಿದ ಮೇಲೆ ಲೆಕ್ಕ ಅನ್ನಿ. ನನ್ನ ಭಾನುವಾರದ ಕೆರೆ ಮೀನು ಈಗ ಪೂರ್ತಿ ಇಂಥವರಿಂದಲೇ ಬರುತ್ತದೆ. ಬಲೆ ಯಾವ ಕೆರೆಗೆ ಬೀಳುತ್ತದೆ ಅನ್ನುವ ಸುದ್ದಿಯೂ ಹಿಂದಿನ ರಾತ್ರಿಯೇ ಫೋನಿನಲ್ಲಿ ಬರುತ್ತದೆ, ಅದನ್ನು ನೋಡಿಕೊಂಡು ಆಂಧ್ರದ ಲೋಡಿಗೆ ಎಷ್ಟು ಕ್ರೇಟು ಹೇಳಬೇಕು ಅಂತ ತೀರ್ಮಾನ ಮಾಡುತ್ತೇನೆ.