ಮುದ್ದೆ ಉಂಡರೂ ಸಕ್ಕರೆ ಏಕೆ ಇಳಿಯದು?

'ಅನ್ನ ಬಿಟ್ಟು ಬರೀ ಮುದ್ದೆ ಉಣ್ಣುತ್ತಿದ್ದೇನೆ, ಆದರೂ ಸಕ್ಕರೆ ಇಳಿಯುತ್ತಿಲ್ಲವಲ್ಲ ಸ್ವಾಮಿ?' ಪಾವಗಡ, ಮಧುಗಿರಿ ಕಡೆಯ ಮಧುಮೇಹಿಗಳು ಕೇಳುವ ಪ್ರಶ್ನೆ ಇದು. ರಾಗಿಯೇ ಔಷಧಿ ಎಂಬ ನಂಬಿಕೆ ಅಷ್ಟು ಬಲವಾಗಿದೆ.

100 ಗ್ರಾಂ ಅಕ್ಕಿಯಲ್ಲಿ ಸುಮಾರು 78 ಗ್ರಾಂ ಶರ್ಕರಪಿಷ್ಟವಿದ್ದರೆ, ರಾಗಿಯಲ್ಲಿ 67 ಗ್ರಾಂ ಇದೆ. ರಾಗಿಯಲ್ಲಿ ನಾರಿನಂಶ ಹೆಚ್ಚು, ನಿಜ. ಆದರೆ ನುಣ್ಣಗೆ ಬೀಸಿದ ಹಿಟ್ಟು ಬೇಗ ಜೀರ್ಣವಾಗುತ್ತದೆ. ಅಗಿಯದೆ ನುಂಗುವುದರಿಂದ ಎಷ್ಟು ಉಂಡೆವೆಂಬುದೂ ತಿಳಿಯುವುದಿಲ್ಲ. ಎರಡು ದೊಡ್ಡ ಮುದ್ದೆ ಉಂಡರೆ ಅನ್ನ ಬಿಟ್ಟ ಲಾಭ ಅಲ್ಲಿಗೇ ಮುಗಿಯಿತು.

ಹಿಂದಿನವರೂ ಎರಡು ಮುದ್ದೆ ಉಣ್ಣುತ್ತಿದ್ದರಲ್ಲ ಎನ್ನಬಹುದು. ಅವರು ಹೊತ್ತು ಮುಳುಗುವವರೆಗೆ ನೇಗಿಲು, ಗುದ್ದಲಿ ಹಿಡಿಯುತ್ತಿದ್ದರು. ದುಡಿಯುವ ಸ್ನಾಯು ರಕ್ತದಲ್ಲಿನ ಸಕ್ಕರೆಯನ್ನು ಹೀರಿಕೊಳ್ಳುತ್ತದೆ. ಇನ್ಸುಲಿನ್ ಕಡಿಮೆ ಸಾಕಾಗುತ್ತದೆ. ಈಗ ಪಾವಗಡ ತಾಲ್ಲೂಕಿನ ಕ್ಯಾತಗಾನಚೆರ್ಲು ಸೇರಿ 5 ಗ್ರಾಮಗಳ ಸುಮಾರು 13,000 ಎಕರೆ ಜಮೀನು ಸೌರ ವಿದ್ಯುತ್ ಪಾರ್ಕಿಗೆ ಗುತ್ತಿಗೆ ಹೋಗಿದೆ. ಮಳೆ ನೆಚ್ಚಿ ಕಡಲೆಕಾಯಿ ಬಿತ್ತುತ್ತಿದ್ದವರಿಗೆ ವರ್ಷ ವರ್ಷ ಬರುವ ಗುತ್ತಿಗೆ ಹಣ ನೆಮ್ಮದಿಯೇ. ಆದರೆ ಉಳುಮೆ ನಿಂತ ಮೇಲೂ ಮುದ್ದೆಯ ಗಾತ್ರ ಹಾಗೇ ಉಳಿದರೆ ಸಕ್ಕರೆ ಏರದೆ ಇದ್ದೀತೇ?

ಮುದ್ದೆ ಬಿಡಬೇಕಾಗಿಲ್ಲ. ಮುಷ್ಟಿಗಾತ್ರದ್ದು ಒಂದು ಸಾಕು. ಜೊತೆಗೆ ಬಸ್ಸಾರು, ಸೊಪ್ಪಿನ ಪಲ್ಯ, ಕಾಳು ಧಾರಾಳವಾಗಿರಲಿ. ಉಂಡ ಮೇಲೆ 10-15 ನಿಮಿಷ ನಡೆಯಿರಿ. ಚಪ್ಪಲಿ ಮಾತ್ರ ಮರೆಯಬೇಡಿ. ಬಹಳ ಕಾಲದಿಂದ ಕಾಯಿಲೆಯಿರುವವರಿಗೆ ಪಾದದ ಸ್ಪರ್ಶಜ್ಞಾನ ಕುಗ್ಗಿ, ಜಾಲಿಮುಳ್ಳು ಚುಚ್ಚಿದ್ದೂ ಗೊತ್ತಾಗದಿರಬಹುದು. ಅದೇ ಗಾಯ ಕೀವಾಗಿ ಕಾಲು ಕತ್ತರಿಸುವವರೆಗೂ ಹೋಗುವುದುಂಟು. ರಾತ್ರಿ ಮಲಗುವ ಮುನ್ನ ಅಂಗಾಲು ನೋಡಿಕೊಳ್ಳಿ. ಕಣ್ಣು ಮಂಜಾದ ಹಿರಿಯರಿಗೆ ಮನೆಯವರು ನೋಡಲಿ.

ಸಕ್ಕರೆ ಇಳಿಯಿತೆಂದು ತಾವಾಗಿಯೇ ಮಾತ್ರೆ ನಿಲ್ಲಿಸುವವರಿದ್ದಾರೆ. ನಿಲ್ಲಿಸಿದರೆ ಮತ್ತೆ ಏರುತ್ತದೆ. ಇನ್ಸುಲಿನ್ ಅಥವಾ ಗ್ಲಿಮೆಪಿರೈಡ್‌ನಂಥ ಮಾತ್ರೆ ತೆಗೆದುಕೊಳ್ಳುವವರು ಊಟ ತಗ್ಗಿಸುವ ಮೊದಲು ವೈದ್ಯರಿಗೆ ತಿಳಿಸಬೇಕು. ಇಲ್ಲವಾದರೆ ಸಕ್ಕರೆ ತೀರ ಇಳಿದು ಬೆವರು, ನಡುಕ, ತಲೆಸುತ್ತು ಬಂದೀತು. ಆಗ ಮೂರು-ನಾಲ್ಕು ಚಮಚ ಸಕ್ಕರೆಯನ್ನು ನೀರಿನಲ್ಲಿ ಕದಡಿ ಕುಡಿಯಬೇಕು. ಕಾಲು ಗಂಟೆಯಲ್ಲಿ ಸರಿಹೋಗದಿದ್ದರೆ ಮತ್ತೊಮ್ಮೆ. ಪ್ರಜ್ಞೆ ತಪ್ಪಿದವರ ಬಾಯಿಗೆ ಏನೂ ಹಾಕದೆ ತಕ್ಷಣ ಆಸ್ಪತ್ರೆಗೆ ಒಯ್ಯಿರಿ.

ನಿಮಗೆ ಎಷ್ಟು ಮುದ್ದೆ ಸರಿ ಎಂದು ತಿಳಿಯಲು ಉಪಾಯವಿದೆ. ಎಂದಿನಂತೆ ಉಂಡು, ಎರಡು ಗಂಟೆಯ ನಂತರ ರಕ್ತ ಪರೀಕ್ಷೆ ಮಾಡಿಸಿ. 180 ದಾಟಿದ್ದರೆ ಆ ಗಾತ್ರ ಹೆಚ್ಚಾಯಿತೇ, ಮಾತ್ರೆ ಬದಲಾಗಬೇಕೇ ಎಂದು ವೈದ್ಯರನ್ನು ಕೇಳಿ. 30 ವರ್ಷ ದಾಟಿದವರಿಗೆ ಸಕ್ಕರೆ ಕಾಯಿಲೆಯ ತಪಾಸಣೆ ಸರ್ಕಾರಿ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಉಚಿತ.